ಹಿಂದಿನ ಕೋಣೆಗೂ ವೈಫೈ ಮುಟ್ಟಿಸುವುದು ಹೇಗೆ?

ನಮ್ಮ ಮನೆ ಸಾಗರದ ಹತ್ತಿರ, ತೋಟದ ಅಂಚಿನಲ್ಲಿ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ. ಅದಕ್ಕೂ ಹಿಂದೆ ಅಪ್ಪ ಆಮೇಲೆ ಕಟ್ಟಿಸಿದ ತಾರಸಿ ಕೋಣೆ. ಫೈಬರ್ ಬಂದ ದಿನ ಕೇಬಲ್ ಹುಡುಗ ತಂತಿ ಎಲ್ಲಿ ಒಳಗೆ ಬಂತೋ ಅಲ್ಲೇ, ಜಗಲಿಯ ಟಿವಿ ಪಕ್ಕದಲ್ಲಿ ರೂಟರ್ ಕೂರಿಸಿ ಹೋದ. ನನ್ನ ಮೇಜು ಇರುವುದು ಹಿಂದಿನ ಕೋಣೆಯಲ್ಲಿ. ನಡುವೆ ನಲವತ್ತೈದು ಅಡಿ, ಮೂರು ಗೋಡೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಮೊದಲ ಎರಡು ತಿಂಗಳು ಮೀಟಿಂಗ್ ಮಾಡಿದ್ದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು. "ಅಲ್ಲಿ ಕೂತ್ಕಂಡು ಯಾರ ಹತ್ರ ಮಾತಾಡ್ತಿದೀಯೋ, ದಾರಿ ಬಿಡು" ಅಂತ ಅಮ್ಮ ಹೇಳುವುದು ಆಫೀಸಿನವರಿಗೆಲ್ಲ ಬಾಯಿಪಾಠ ಆಗಿತ್ತು.

ಆಗ ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವುದೇ. ಆನ್‌ಲೈನ್‌ನಲ್ಲಿ ಒಂದು ಬೂಸ್ಟರ್ ತರಿಸಿ ಹಿಂದಿನ ಕೋಣೆಯ ಪ್ಲಗ್‌ಗೆ ಸಿಕ್ಕಿಸಿದೆ. ಫೋನಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿಕೊಂಡು ಬಂತು. ನೆಟ್ ಮಾತ್ರ ಮೊದಲಿಗಿಂತ ನಿಧಾನ! ಯಾಕೆ ಹಾಗಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಆಮೇಲೆ ನಮ್ಮನೆ, ಅಕ್ಕನ ಮನೆ, ಶಿವಮೊಗ್ಗದ ಗೆಳೆಯನ ಫ್ಲ್ಯಾಟು ಅಂತ ನಾಲ್ಕೈದು ಕಡೆ ಈ ಕೆಲಸ ಮಾಡಿದ್ದೇನೆ. ಎಲ್ಲ ಕಡೆಯೂ ನಾನು ಹೇಳುವುದು ಎರಡೇ ಮಾತು: ಅಳೆಯದೆ ದುಡ್ಡು ಹಾಕಬೇಡಿ. ತಂತಿ ಎಳೆಯಲು ದಾರಿ ಇದ್ದರೆ ತಂತಿಯನ್ನೇ ಎಳೆಯಿರಿ.

ಹೆಜ್ಜೆ 1: ತಪ್ಪು ವೈಫೈದೋ, ನೆಟ್‌ದೋ?

ಮೊದಲು ರೂಟರ್ ಪಕ್ಕಕ್ಕೇ ಹೋಗಿ ನಿಂತುಕೊಳ್ಳಿ. ಐದಾರು ಅಡಿ ದೂರ ಸಾಕು. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟು ಗಂಟೆ ಹೊತ್ತಿಗೆ ಒಂದು ಸಲ. ನೀವು ದುಡ್ಡು ಕಟ್ಟುತ್ತಿರುವ ಪ್ಲಾನ್ 100 ಎಂಬಿಪಿಎಸ್ ಇದ್ದು ಅಲ್ಲಿ 80-90 ಬಂದರೆ ನೆಟ್ ಸರಿ ಇದೆ, ಕಷ್ಟ ಇರುವುದು ಗೋಡೆಯಾಚೆ. ಅಲ್ಲೇ ಇಪ್ಪತ್ತು ಬರುತ್ತಿದ್ದರೆ ನೀವು ಎಂಥ ಮೆಶ್ (ಮನೆಯಲ್ಲಿ ಅಲ್ಲಲ್ಲಿ ಇಡುವ ವೈಫೈ ಪೆಟ್ಟಿಗೆಗಳ ಸೆಟ್) ತಂದರೂ ಹಿಂದಿನ ಕೋಣೆಗೆ ಇಪ್ಪತ್ತಕ್ಕಿಂತ ಜಾಸ್ತಿ ಹೋಗುವುದಿಲ್ಲ. ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಹಾಕಿ ಇನ್ನೊಂದು ಸಲ ನೋಡಿ. ಅದರಲ್ಲೂ ಕಮ್ಮಿ ಅಂದರೆ ಕೇಬಲ್‌ನವರಿಗೆ ಫೋನ್ ಮಾಡಿ, ಉಳಿದದ್ದನ್ನು ಆಮೇಲೆ ಓದಿದರಾಯಿತು.

ಒಂದು ಸಣ್ಣ ವಿಷಯ. ಫೋನ್ ಹಿಡಿದಿರುವುದು 2.4 ಗಿಗಾಹರ್ಟ್ಸ್ ಸಿಗ್ನಲ್ಲೋ 5 ಗಿಗಾಹರ್ಟ್ಸೋ ನೋಡಿಕೊಳ್ಳಿ. 2.4ರಲ್ಲಿ ರೂಟರ್ ಪಕ್ಕದಲ್ಲೇ ನಿಂತರೂ 40-50 ಬರುವುದು ಮಾಮೂಲಿ. ಅದನ್ನು ನೋಡಿ ಕೇಬಲ್‌ನವರ ಜೊತೆ ಜಗಳಕ್ಕೆ ಹೋಗಬೇಡಿ. ನಾನು ಹೋಗಿದ್ದೆ.

ಹೆಜ್ಜೆ 2: ಕೋಣೆ ಕೋಣೆಯಲ್ಲೂ ಅಳೆಯಿರಿ

ಫೋನಿನ ವೈಫೈ ಗುರುತಿನ ಗೆರೆಗಳನ್ನು ನಂಬಬೇಡಿ. ಒಂದೊಂದು ಫೋನಿನದು ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಜರ್ ಅಂತ ಹುಡುಕಿದರೆ ಬೇಕಾದಷ್ಟು ಬಿಟ್ಟಿ ಆ್ಯಪ್ ಸಿಗುತ್ತವೆ. ಐಫೋನ್‌ನವರು ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಎರಡರಲ್ಲೂ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಮೈನಸ್ 50ರ ಆಸುಪಾಸು ಇದ್ದರೆ ಭರ್ಜರಿ. ಮೈನಸ್ 67ರ ತನಕ ವಿಡಿಯೋ ಕಾಲ್ ನಿಶ್ಚಿಂತೆಯಿಂದ ನಡೆಯುತ್ತದೆ. 70 ದಾಟಿದರೆ ತೊದಲುತ್ತದೆ. 80ಕ್ಕೆ ಬಂದರೆ ವಾಟ್ಸಾಪ್ ಮೆಸೇಜ್ ಹೋದರೆ ಪುಣ್ಯ. ಈ ಲೆಕ್ಕ ನಮ್ಮ ಮಾಮೂಲಿ ಕೂಡಿಸುವ ಕಳೆಯುವ ಲೆಕ್ಕದಂತೆ ಅಲ್ಲ ಅನ್ನುವುದು ನೆನಪಿರಲಿ. 3 ಕಮ್ಮಿಯಾದರೆ ಸಿಗ್ನಲ್ ಬಲ ಅರ್ಧ, 10 ಕಮ್ಮಿಯಾದರೆ ಹತ್ತನೇ ಒಂದು ಪಾಲು.

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಯ ನಕ್ಷೆ ಗೀಚಿಕೊಳ್ಳಿ. ಪ್ರತಿ ಕೋಣೆಯ ನಡುವೆ ನಿಂತು, ಫೋನನ್ನು ಎದೆಯ ಎತ್ತರಕ್ಕೆ ಹಿಡಿದು, ಹತ್ತು ಸೆಕೆಂಡ್ ಬಿಟ್ಟು ಅಂಕಿ ಬರೆಯಿರಿ. ಬಾಗಿಲು ಮಾಮೂಲಿಯಾಗಿ ಹೇಗಿರುತ್ತದೋ ಹಾಗೇ ಇರಲಿ. ನಮ್ಮನೆಯಲ್ಲಿ ಬಂದದ್ದು ಹೀಗೆ: ಜಗಲಿ ಮೈನಸ್ 38, ನಡುಮನೆ 55, ಅಡುಗೆಮನೆ 67, ಹಿಂದಿನ ಕೋಣೆ 83. ಕೊನೆಯ ಎರಡು ಅಂಕಿ ನೋಡಿ. ಒಂದೇ ಗೋಡೆಗೆ 16 ಹೋಗಿದೆ. ಅಂದರೆ ಅಡುಗೆಮನೆಗೆ ಬಂದ ಸಿಗ್ನಲ್‌ನಲ್ಲಿ ನಲವತ್ತನೇ ಒಂದು ಪಾಲು ಮಾತ್ರ ಆಚೆ ದಾಟಿದೆ. ಹಾಗಾದರೆ ಆ ಗೋಡೆಯಲ್ಲಿ ಏನಿದೆ?

ಹೆಜ್ಜೆ 3: ಕಳ್ಳನನ್ನು ಹಿಡಿಯಿರಿ

ಫ್ರಿಜ್ ಇತ್ತು. ಅದರ ಪಕ್ಕ ಒಂದು ಸ್ಟೀಲ್ ಬೀರು, ಅಮ್ಮನ ಪಾತ್ರೆಗಳದ್ದು. ಗೋಡೆಯಾಚೆ ಕಡೆ ಇನ್ನೊಂದು ಕಬ್ಬಿಣದ ಬೀರು, ಕನ್ನಡಿ ಸಮೇತ. ಸಿಗ್ನಲ್‌ಗೆ ಲೋಹ ಅಂದರೆ ಬೇಲಿ ಇದ್ದ ಹಾಗೆ, ತಾಗಿದ್ದು ವಾಪಸ್ ಬರುತ್ತದೆ. ಕನ್ನಡಿಯ ಹಿಂದಿನ ಲೇಪವೂ ಲೋಹದ್ದೇ. ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ. ತುಂಬಿದ ನೀರಿನ ಟ್ಯಾಂಕು, ಅಕ್ವೇರಿಯಂ, ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ, ಎಲ್ಲ ಒಂದೇ ಜಾತಿ.

ಗೋಡೆಗಳಲ್ಲೂ ತರತಮ ಇದೆ. ಮರದ ಬಾಗಿಲು, ಪ್ಲೈವುಡ್ ಪಾರ್ಟಿಷನ್‌ಗೆ ಹೆಚ್ಚೇನೂ ಹೋಗುವುದಿಲ್ಲ. ಇಟ್ಟಿಗೆ ಗೋಡೆ ಪರವಾಗಿಲ್ಲ. ನಮ್ಮ ಕಡೆಯ ದಪ್ಪ ಜಂಬಿಟ್ಟಿಗೆ ಗೋಡೆ, ಹಳೇ ಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆ, ಸೈಜುಗಲ್ಲಿನ ಗೋಡೆ ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು ಕಬ್ಬಿಣ ಹಾಕಿದ ಕಾಂಕ್ರೀಟ್. ತಾರಸಿ ಮನೆಯಲ್ಲಿ ಕೆಳಗಿನ ರೂಟರ್ ಮಹಡಿಗೆ ಸರಿಯಾಗಿ ಸಿಗದಿರುವುದು ಅದಕ್ಕೇ. ಹಂಚಿನ ಮನೆಯಲ್ಲಿ ಮರದ ಅಟ್ಟ ಇದ್ದರೆ ಮೇಲಕ್ಕೆ ಸಿಗ್ನಲ್ ಆರಾಮಾಗಿ ಹೋಗುತ್ತದೆ.

ಇನ್ನೊಂದು, ಸಿಗ್ನಲ್ ಗೋಡೆಯನ್ನು ಓರೆಯಾಗಿ ದಾಟಿದರೆ ಗೋಡೆ ಇನ್ನಷ್ಟು ದಪ್ಪ ಆದಂತೆ. ಒಂದಡಿ ಗೋಡೆಯನ್ನು ತುಂಬ ಓರೆಯಲ್ಲಿ ದಾಟುವಾಗ ಎರಡಡಿ ಆಗಿಬಿಡಬಹುದು. ನಕ್ಷೆಯ ಮೇಲೆ ರೂಟರ್‌ನಿಂದ ನಿಮ್ಮ ಮೇಜಿಗೆ ಸ್ಕೇಲ್ ಇಟ್ಟು ಗೆರೆ ಎಳೆದು ನೋಡಿ. ಗೆರೆ ಯಾವ ಯಾವ ಗೋಡೆ, ಬೀರು, ಬಚ್ಚಲುಮನೆ ದಾಟುತ್ತದೆ ಅಂತ ಗೊತ್ತಾಗುತ್ತದೆ.

ಅಮ್ಮನನ್ನು ಒಪ್ಪಿಸಿ ಪಾತ್ರೆಯ ಬೀರುವನ್ನು ಮೂರಡಿ ಸರಿಸಿದೆ. ಮೈನಸ್ 83 ಇದ್ದದ್ದು 77 ಆಯಿತು. ಖರ್ಚು: ಒಂದು ಬೆವರು, ಒಂದು ಲೋಟ ಒಡೆದದ್ದು.

ಹೆಜ್ಜೆ 4: ರೂಟರ್ ಜಾಗ ಬದಲಿಸಿ

ರೂಟರ್ ಮನೆಯ ನಡುವೆ ಇರಬೇಕು, ಎತ್ತರದಲ್ಲಿ ಇರಬೇಕು, ಬಯಲಾಗಿ ಇರಬೇಕು. ಹೆಚ್ಚಿನ ಮನೆಗಳಲ್ಲಿ ಅದು ಒಂದು ಮೂಲೆಯಲ್ಲಿ, ಟಿವಿ ಹಿಂದೆ, ಸೆಟ್‌ಟಾಪ್ ಬಾಕ್ಸ್ ಮೇಲೆ ಕೂತಿರುತ್ತದೆ. ಮೂಲೆಯಲ್ಲಿಟ್ಟರೆ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಅಂಗಳದ ತೆಂಗಿನಮರಕ್ಕೆ ಹೋಗುತ್ತದೆ.

ಫೈಬರ್ ಇರುವವರಿಗೆ ಇದು ಅಂದುಕೊಂಡಷ್ಟು ಕಷ್ಟ ಅಲ್ಲ. ಗೋಡೆಯ ಸಣ್ಣ ಪೆಟ್ಟಿಗೆಯಿಂದ ರೂಟರ್‌ಗೆ ಬರುವ ತೆಳು ವಯರಿಗೆ ಪ್ಯಾಚ್ ಕಾರ್ಡ್ ಅನ್ನುತ್ತಾರೆ. ಸಾಮಾನ್ಯವಾಗಿ ತುದಿಯಲ್ಲಿ ಹಸಿರು ಪ್ಲಾಸ್ಟಿಕ್ ಇರುತ್ತದೆ. ಅದೇ ಬಣ್ಣದ, ಅದೇ ಆಕಾರದ ತುದಿ ಇರುವ 5, 10, 15 ಮೀಟರಿನವು ರೆಡಿಯಾಗಿ ಸಿಗುತ್ತವೆ. ಹಸಿರಿಗೆ ನೀಲಿ ತುದಿ ಸಿಕ್ಕಿಸಬೇಡಿ. ಕೂರುತ್ತದೆ, ಆದರೆ ಒಳಗಿನ ಗಾಜಿನ ಕೋನ ಬೇರೆ, ಬೆಳಕು ಸರಿಯಾಗಿ ದಾಟುವುದಿಲ್ಲ. ವಯರನ್ನು ಮೂಲೆಯಲ್ಲಿ ಚೂಪಾಗಿ ಮಡಿಸಬೇಡಿ, ಬಾಗಿಲ ಸಂದಿಗೆ ಸಿಕ್ಕಿಸಬೇಡಿ. ಬಳೆಯಷ್ಟು ಅಗಲದ ತಿರುವು ಕೊಟ್ಟರೆ ಚಿಂತೆ ಇಲ್ಲ. ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ, ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಜೋಡಿಸಿದ ಮೇಲೆ ರೂಟರ್‌ನಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ಧೈರ್ಯ ಇಲ್ಲದಿದ್ದರೆ ಕೇಬಲ್ ಹುಡುಗನಿಗೇ ಹೇಳಿ. ನಮ್ಮವನು "ಅಣ್ಣಾ, ಮೊದಲೇ ಹೇಳಿದ್ರೆ ಅವತ್ತೇ ನಡುಮನೆಗೆ ಎಳೀತಿದ್ದೆ" ಅಂದ. ನನಗೂ ಅವತ್ತು ಗೊತ್ತಿದ್ದರೆ ತಾನೇ?

ಆಂಟೆನಾ ಬಗ್ಗೆ ಒಂದು ಮಾತು. ಕಡ್ಡಿಯಂಥ ಆಂಟೆನಾದ ತುದಿಯಿಂದ ಸಿಗ್ನಲ್ ಚಿಮ್ಮುತ್ತದೆ ಅಂತ ಕೆಲವರು ಅದನ್ನು ಕೋಣೆಯ ಕಡೆಗೆ ಗುರಿ ಇಟ್ಟಿರುತ್ತಾರೆ, ಬಂದೂಕಿನ ಹಾಗೆ. ಅದು ಉಲ್ಟಾ. ತುದಿಯಲ್ಲಿ ಸಿಗ್ನಲ್ ಕಮ್ಮಿ, ಕಡ್ಡಿಯ ಸುತ್ತ ಉದ್ದಿನವಡೆಯ ಆಕಾರದಲ್ಲಿ ಹರಡುತ್ತದೆ. ಒಂದೇ ಅಂತಸ್ತಿನ ಮನೆಗೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲಿನ ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ.

ಹೆಜ್ಜೆ 5: ಸೆಟ್ಟಿಂಗ್ಸ್, ಬೇಗ ಬೇಗ

ರೂಟರ್ ಬುಡದ ಸ್ಟಿಕರ್‌ನಲ್ಲಿ ವಿಳಾಸ ಇರುತ್ತದೆ, ಹೆಚ್ಚಾಗಿ 192.168.1.1. ಬ್ರೌಸರ್‌ನಲ್ಲಿ ಅದನ್ನು ಹೊಡೆದು ಒಳಗೆ ಹೋಗಿ. 2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರು ಕೊಟ್ಟು ನೋಡಿ. 5 ವೇಗದ್ದು, ಆದರೆ ಗೋಡೆ ಕಂಡರೆ ಸುಸ್ತು. 2.4 ನಿಧಾನ, ಆದರೆ ದೂರ ಹೋಗುತ್ತದೆ. ದೂರದ ಕೋಣೆಯ ಫೋನು 5ಕ್ಕೇ ಜೋತುಬಿದ್ದು ಒದ್ದಾಡುತ್ತಿರಬಹುದು. 2.4ಕ್ಕೆ ಹಾಕಿದರೆ ಅಷ್ಟಕ್ಕೇ ಕೆಲಸ ಮುಗಿದರೂ ಮುಗಿಯಿತು.

2.4ರೊಳಗೆ ಚಾನೆಲ್ ಅನ್ನುವ ಓಣಿಗಳಿವೆ. ಅವುಗಳಲ್ಲಿ 1, 6 ಅಥವಾ 11 ಇವುಗಳಲ್ಲೇ ಒಂದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಅನಲೈಜರ್ ಆ್ಯಪ್‌ನಲ್ಲಿ ಅಕ್ಕಪಕ್ಕದವರು ಎಲ್ಲಿದ್ದಾರೆ ಅಂತ ಕಾಣುತ್ತದೆ. ನಮ್ಮ ತೋಟದ ಮನೆಯಲ್ಲಿ ಪಕ್ಕದವರ ಸಿಗ್ನಲ್ಲೇ ಇಲ್ಲ. ಗೆಳೆಯನ ಫ್ಲ್ಯಾಟಿನಲ್ಲಿ ಎಣಿಸಿದರೆ ಇಪ್ಪತ್ತೆರಡು! ಅಂಥ ಕಡೆ 2.4 ಸಂತೆ ಇದ್ದ ಹಾಗೆ. ಎಲ್ಲರೂ ಕೂಗುತ್ತಿರುತ್ತಾರೆ, ಯಾರಿಗೂ ಕೇಳುವುದಿಲ್ಲ. ಅಲ್ಲಿ ಕೋಣೆಯ ಹತ್ತಿರ ಇನ್ನೊಂದು ಪೆಟ್ಟಿಗೆ ಇಟ್ಟು 5 ಬಳಸುವುದೇ ದಾರಿ. ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದು. ಹಾಲು ಬಿಸಿ ಮಾಡುವಾಗ ಮಾತ್ರ ನೆಟ್ ಹೋಗುತ್ತದೆ ಅಂದರೆ ಕಾರಣ ಅದೇ.

ಇಲ್ಲಿಯ ತನಕ ಹೆಚ್ಚುಕಮ್ಮಿ ಬಿಟ್ಟಿ. ಮತ್ತೆ ಅಳೆಯಿರಿ. ಮೇಜಿನ ಮೇಲೆ ಮೈನಸ್ 67 ಅಥವಾ ಅದಕ್ಕಿಂತ ಒಳ್ಳೆಯದು ಬಂತಾ? ಹಾಗಿದ್ದರೆ ಎದ್ದು ಕಾಫಿ ಕುಡಿಯಿರಿ. ನಮ್ಮನೆಯಲ್ಲಿ ರೂಟರ್ ನಡುಮನೆಗೆ ಬಂದ ಮೇಲೂ ಹಿಂದಿನ ಕೋಣೆಯಲ್ಲಿ 72ಕ್ಕೆ ನಿಂತಿತು.

ಹೆಜ್ಜೆ 6: ಇನ್ನೊಂದು ಪೆಟ್ಟಿಗೆ ಬೇಕೇ ಬೇಕು ಅಂದರೆ

ಅಂಗಡಿಯಲ್ಲಿ ಬೂಸ್ಟರ್ ಅನ್ನುತ್ತಾರಲ್ಲ, ಅದರ ಸರಿಯಾದ ಹೆಸರು ರಿಪೀಟರ್ ಅಥವಾ ಎಕ್ಸ್‌ಟೆಂಡರ್. ಅದು ಕೇಳಿಸಿಕೊಂಡದ್ದನ್ನು ಮತ್ತೆ ಕೂಗುತ್ತದೆ, ಅಷ್ಟೇ. ಸಿಗ್ನಲ್ ಸತ್ತ ಜಾಗದಲ್ಲಿ ಇಟ್ಟರೆ ಅದಕ್ಕೇ ಏನೂ ಕೇಳುವುದಿಲ್ಲ, ಇನ್ನು ನಿಮಗೇನು ಹೇಳುತ್ತದೆ? ನನ್ನ ಫೋನಿನಲ್ಲಿ ಗುರುತು ಪೂರ್ತಿ ತುಂಬಿದ್ದು ನನಗೂ ಬೂಸ್ಟರ್‌ಗೂ ನಡುವಿನ ಸಿಗ್ನಲ್. ಬೂಸ್ಟರ್‌ಗೂ ರೂಟರ್‌ಗೂ ನಡುವೆ ಮೈನಸ್ 83ರ ಹರಕು ದಾರ. ಅದನ್ನು ಇಡಬೇಕಾದ ಜಾಗ ನಡುದಾರಿಯಲ್ಲಿ, ರೂಟರ್‌ನ ಸಿಗ್ನಲ್ ಮೈನಸ್ 60ರಿಂದ 65ರ ಒಳಗೆ ಸಿಗುವ ಕಡೆ. ಅಷ್ಟು ಮಾಡಿದರೂ ಒಂದೇ ಬ್ಯಾಂಡಿನ (ಬರೀ 2.4ರ) ಅಗ್ಗದ ರಿಪೀಟರ್ ಕೇಳುವುದು, ಹೇಳುವುದು ಎರಡನ್ನೂ ಒಂದೇ ಚಾನೆಲ್‌ನಲ್ಲಿ ಮಾಡುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ವಾಟ್ಸಾಪ್, ಯೂಟ್ಯೂಬ್ ಸಾಕು, ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ ಅನ್ನುವವರಿಗೆ ಅದೇನೂ ಕೆಟ್ಟದ್ದಲ್ಲ.

ಮೆಶ್ ಅಂದರೆ ಎರಡು ಮೂರು ಪೆಟ್ಟಿಗೆಗಳು ಒಂದೇ ಹೆಸರಿನಲ್ಲಿ, ಒಂದಕ್ಕೊಂದು ಮಾತಾಡಿಕೊಂಡು ಮನೆ ತುಂಬುವುದು. ಓಡಾಡುವಾಗ ಫೋನು ಒಂದರಿಂದ ಇನ್ನೊಂದಕ್ಕೆ ನಯವಾಗಿ ದಾಟುತ್ತದೆ, ಆ್ಯಪ್‌ನಲ್ಲೇ ಎಲ್ಲ ಸೆಟ್ ಮಾಡಬಹುದು. ದೊಡ್ಡ ಮನೆ, ಜನ ಜಾಸ್ತಿ, ತಲೆಬಿಸಿ ಬೇಡ ಅನ್ನುವವರಿಗೆ ಸರಿ. ಆದರೆ ಪೆಟ್ಟಿಗೆಗಳ ನಡುವೆ ಗಾಳಿಯಲ್ಲೇ ಸಂಪರ್ಕ ಇದ್ದರೆ ಆ ದಪ್ಪ ಗೋಡೆ ಅವಕ್ಕೂ ಅಡ್ಡವೇ. ಇಡುವ ಲೆಕ್ಕ ರಿಪೀಟರ್‌ದೇ. ಮೂರರ ಸೆಟ್ ತರುವ ಮೊದಲು ಎರಡರಲ್ಲಿ ಆಗುತ್ತದಾ ನೋಡಿ. ತಂದ ಮೇಲೆ ಅದನ್ನು ಬರೀ ವೈಫೈ ಹರಡುವ ಕೆಲಸ ಮಾಡಿಸುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ಕೇಬಲ್‌ನವರ ರೂಟರ್, ನಿಮ್ಮ ಮೆಶ್ ಎರಡೂ ಯಜಮಾನಿಕೆ ಮಾಡಲು ಹೋಗಿ ಆನ್‌ಲೈನ್ ಆಟ, ಸಿಸಿಟಿವಿ ಎಲ್ಲ ತಕರಾರು ಮಾಡುತ್ತವೆ.

ಮನೆಯ ಕರೆಂಟ್ ವಯರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಅಂತಲೂ ಇದೆ. ಮೂರು ಫೇಸ್ ಇರುವ ಮನೆಯಲ್ಲಿ ಎರಡು ಪ್ಲಗ್ ಬೇರೆ ಬೇರೆ ಫೇಸಿಗೆ ಸೇರಿದ್ದರೆ, ನಡುವೆ ಇನ್ವರ್ಟರ್ ಇದ್ದರೆ ಅದರದ್ದು ಯಾವ ಗ್ಯಾರಂಟಿಯೂ ಇಲ್ಲ. ಹಿಂದಿರುಗಿಸಲು ಆಗುವ ಕಡೆಯಿಂದ ಮಾತ್ರ ತನ್ನಿ.

ಇನ್ನು ನನ್ನ ಮೆಚ್ಚಿನದು.

ಹೆಜ್ಜೆ 7: ಒಂದು ತಂತಿ, ಒಂದು ಹಳೇ ರೂಟರ್

ಹಳೇ ರೂಟರ್ ಇಲ್ಲದ ಮನೆ ಇಲ್ಲ. ಅಟ್ಟದ ಮೇಲಿನ ಡಬ್ಬದಲ್ಲಿ ಚಾರ್ಜರ್‌ಗಳ ಜೊತೆ ಬಿದ್ದಿರುತ್ತದೆ. ಅದರ ಹಿಂದೆ ಲ್ಯಾನ್ ತೂತು ಇದ್ದು, ಒಳಗಿನ ಸೆಟ್ಟಿಂಗ್ಸ್‌ಗೆ ಹೋಗಲು ಆದರೆ ಸಾಕು. ಮುಖ್ಯ ರೂಟರ್‌ನಿಂದ ಅಲ್ಲಿಗೆ ತಂತಿ ಎಳೆದರೆ ನಡುವಿನ ಗೋಡೆಗಳೆಲ್ಲ ಲೆಕ್ಕಕ್ಕೇ ಇಲ್ಲ. ಲ್ಯಾನ್ ಕೇಬಲ್ 100 ಮೀಟರ್ ತನಕ ಏನೂ ಕಳೆದುಕೊಳ್ಳದೆ ಒಯ್ಯುತ್ತದೆ.

ಕೇಬಲ್ ಕ್ಯಾಟ್ 6 ತನ್ನಿ, ಕ್ಯಾಟ್ 5ಇ ಆದರೂ ನಡೆಯುತ್ತದೆ. ಆದರೆ ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಅಂಗಡಿ ತುಂಬ ಇದೆ. ಒಳಗಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಗೆ ಕಂಡರೆ ಬೇಡ. ಹೊರಗೋಡೆಯ ಮೇಲೆ ಬಿಸಿಲಿಗೆ ಎಳೆಯುವುದಾದರೆ ಹೊರಾಂಗಣದ ಕಪ್ಪು ಕೇಬಲ್ ತನ್ನಿ, ಒಳಗಿನದು ಬಿಸಿಲಿಗೆ ಸೀಳುತ್ತದೆ.

ದಾರಿ ಅಳೆಯುವಾಗ ದಾರ ಹಿಡಿದು, ಬಾಗಿಲ ಚೌಕಟ್ಟು ಸುತ್ತಿ, ಮೂಲೆ ಮೂಲೆಗೂ ತಾಗಿಸಿಕೊಂಡು ಹೋಗಿ, ಕೊನೆಗೆ ಎರಡು ಮೀಟರ್ ಸೇರಿಸಿ. ಕಣ್ಣಂದಾಜಿನಲ್ಲಿ ತಂದರೆ ಅರ್ಧ ಅಡಿ ಕಮ್ಮಿ ಬೀಳುವುದು ಗ್ಯಾರಂಟಿ. ಕರೆಂಟ್ ವಯರಿನ ಪೈಪಿನೊಳಗೇ ಇದನ್ನು ತುರುಕಬೇಡಿ. ಪಕ್ಕಪಕ್ಕದಲ್ಲಿ ಉದ್ದಕ್ಕೆ ಓಡುವುದೂ ಬೇಡ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಗೋಡೆಗೆ ತೂತು ಕೊರೆಯುವಾಗ ಒಂದು ಲೆಕ್ಕ ಇದೆ. ಬರೀ ಕೇಬಲ್ ಆದರೆ 8 ಮಿಲಿಮೀಟರ್ ಬಿಟ್ ಸಾಕು. ಎರಡೂ ತುದಿಗೆ ಪಿನ್ (ರೂಟರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ತುದಿ) ಇರುವ ರೆಡಿ ಕೇಬಲ್ ಆದರೆ ಪಿನ್ ದಾಟಲು 16 ಬೇಕು. ಹೊರಗೋಡೆಗೆ ಕೊರೆದರೆ ತೂತು ಒಳಗಿನಿಂದ ಹೊರಗೆ ತುಸು ಇಳಿಜಾರಾಗಿರಲಿ, ಹೊರಗೆ ಕೇಬಲ್ ಒಂದು ಸಲ ಕೆಳಗೆ ಜೋತು ಆಮೇಲೆ ಮೇಲೇರಿ ಒಳಗೆ ಬರಲಿ. ಮಳೆನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ. ಮಲೆನಾಡಿನ ಮಳೆಗೆ ಇದನ್ನು ಮರೆತರೆ ನೀರು ಕೇಬಲ್ ಹಿಡಿದೇ ರೂಟರ್ ತನಕ ಬರುತ್ತದೆ. ಕೊರೆಯುವ ಮೊದಲು ಅಲ್ಲಿ ಕರೆಂಟ್ ಪೈಪ್, ನೀರಿನ ಪೈಪ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೈ ಹಾಕಬೇಡಿ.

ಪಿನ್ ನೀವೇ ಹೊಡೆಯುವುದಾದರೆ ಕ್ರಿಂಪಿಂಗ್ ಟೂಲ್ ಬೇಕು. ಪಿನ್ನಿನ ಲಾಕ್ ಕಡ್ಡಿ ಕೆಳಗೆ ಮಾಡಿ, ತುದಿಯನ್ನು ನಿಮ್ಮಿಂದ ಆಚೆಗೆ ಹಿಡಿದರೆ ಎಡದಿಂದ ಬಲಕ್ಕೆ ಬಣ್ಣ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹಸಿರಿನ ಜೋಡಿ ನಡುವಿನ ನೀಲಿ ಜೋಡಿಯನ್ನು ತಬ್ಬಿಕೊಂಡಿರುತ್ತದೆ ಅಂತ ನೆನಪಿಟ್ಟರೆ ತಪ್ಪುವುದಿಲ್ಲ. ಕೇಬಲ್ಲಿನ ಹೊರಕವಚ ಪಿನ್ನಿನ ಒಳಗೆ ಹೋಗಿ ಕಚ್ಚಿಕೊಳ್ಳಬೇಕು. ಬರೀ ಎಳೆಗಳು ಕಚ್ಚಿಕೊಂಡಿದ್ದರೆ ಒಂದು ಎಳೆತಕ್ಕೆ ಕಿತ್ತು ಬರುತ್ತವೆ. ನನ್ನ ಮೊದಲ ಮೂರು ಪಿನ್ ಕಸಕ್ಕೆ ಹೋದವು. ನಾಲ್ಕನೆಯದರಲ್ಲಿ ನೆಟ್ ಬಂತು, ಆದರೆ 95ಕ್ಕೆ ನಿಂತಿತು. ನಮ್ಮ ಪ್ಲಾನ್ 200ರದ್ದು. ಕೇಬಲ್ ಟೆಸ್ಟರ್‌ಗೆ ಸಿಕ್ಕಿಸಿದರೆ ಎಂಟನೆಯ ದೀಪ ಹತ್ತಲಿಲ್ಲ. 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ಎಳೆ ಸಾಕು, ಅದಕ್ಕಿಂತ ಮೇಲೆ ಹೋಗಲು ಎಂಟೂ ಬೇಕು. ಕಂದು ಎಳೆ ಅರ್ಧಕ್ಕೇ ನಿಂತಿತ್ತು. ಇದೆಲ್ಲ ತಲೆನೋವು ಅನಿಸಿದರೆ ರೆಡಿ ಕೇಬಲ್ ತಂದು ದೊಡ್ಡ ತೂತು ಕೊರೆಯಿರಿ, ತಪ್ಪೇನಿಲ್ಲ.

ಈಗ ಹಳೇ ರೂಟರ್‌ಗೆ ಬರೋಣ. ಇದನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಕರೆಂಟ್ ಕೊಟ್ಟು, ಹಿಂದಿನ ರಿಸೆಟ್ ತೂತಿಗೆ ಸೂಜಿಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮುಖ್ಯ ರೂಟರ್‌ಗೆ ಇನ್ನೂ ಜೋಡಿಸಬೇಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ಇದಕ್ಕೆ ಹಾಕಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಬುಡದ ಸ್ಟಿಕರ್ ನೋಡಿ ಲಾಗಿನ್ ಆಗಿ. ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತ ಇದ್ದರೆ ಅದನ್ನು ಒತ್ತಿ, ವೈಫೈ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು.

ಇಲ್ಲದಿದ್ದರೆ ಕೈಯಲ್ಲೇ ಮಾಡಬೇಕು. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರನ್ನೂ ಮುಖ್ಯ ರೂಟರ್‌ನಲ್ಲಿ ಹೇಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ ಹಾಕಿ. ಚಾನೆಲ್ ಮಾತ್ರ ಬೇರೆ. ಅಲ್ಲಿ 1 ಇದ್ದರೆ ಇಲ್ಲಿ 6 ಅಥವಾ 11. ಆಮೇಲೆ ಲ್ಯಾನ್ ಸೆಟ್ಟಿಂಗ್ಸ್‌ಗೆ ಹೋಗಿ ಅದರ ವಿಳಾಸ ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಸೇವ್ ಆದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಗೆ ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಬಿಟ್ಟರೆ ಮನೆಯಲ್ಲಿ ಇಬ್ಬರು ಯಜಮಾನರು ಆಗುತ್ತಾರೆ. ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಅಕ್ಕನ ಮನೆಯಲ್ಲಿ ಒಂದಿಡೀ ಭಾನುವಾರ ಇದಕ್ಕೇ ಹೋಯಿತು.

ಎಲ್ಲ ಆದ ಮೇಲೆ ಎಳೆದ ತಂತಿಯನ್ನು ಮುಖ್ಯ ರೂಟರ್‌ನ ಲ್ಯಾನ್ ತೂತಿನಿಂದ ಹಳೆಯದರ ಲ್ಯಾನ್ ತೂತಿಗೇ ಹಾಕಿ. ಬೇರೆ ಬಣ್ಣದಲ್ಲಿರುವ, ಹೊರಗಿನ ನೆಟ್ ಬರಲು ಇರುವ ವಾನ್ ತೂತು ಖಾಲಿ ಇರಲಿ. ಎರಡೂ ಕಡೆ ದೀಪ ಮಿಣುಕಿದರೆ ಆಯಿತು.

ಹಳೇ ರೂಟರ್ ಬರೀ 2.4ರದ್ದಾಗಿದ್ದರೆ, ತೂತುಗಳು 100 ಎಂಬಿಪಿಎಸ್‌ನವಾಗಿದ್ದರೆ ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಮೀಟಿಂಗ್‌ಗೆ ಧಾರಾಳ ಸಾಕು. ಫೋನು ಹಳೇ ಸಿಗ್ನಲ್ಲನ್ನೇ ಅಪ್ಪಿಕೊಂಡು ಹತ್ತಿರದ್ದಕ್ಕೆ ಬರದಿದ್ದರೆ ಮುಖ್ಯ ರೂಟರ್‌ನ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿ ನೋಡಿ. ಜಾಸ್ತಿ ಪವರ್ ಅಂದರೆ ಯಾವಾಗಲೂ ಒಳ್ಳೆಯದು ಅಂತೇನಿಲ್ಲ, ಅಲ್ವಾ.

ಬೇರೆ ಕಟ್ಟಡಕ್ಕೆ ಒಯ್ಯುವುದಾದರೆ

ಅಡಿಕೆ ಸುಲಿಯುವ ಶೆಡ್ಡಿಗೆ, ಕೊಟ್ಟಿಗೆಯ ಕ್ಯಾಮೆರಾಕ್ಕೆ, ಅಂಗಳದಾಚೆಯ ಬಾಡಿಗೆ ಮನೆಗೆ ನೆಟ್ ಬೇಕು ಅಂತ ತಾಮ್ರದ ಲ್ಯಾನ್ ಕೇಬಲ್ಲನ್ನು ಬಯಲಲ್ಲಿ ಎಳೆಯಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ದೂರದಲ್ಲಿ ಸಿಡಿಲು ಹೊಡೆದರೂ ಆ ಉದ್ದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ನಮ್ಮ ಶೆಡ್ಡಿನದು ಒಂದೇ ಸಲಕ್ಕೆ ಹೋಯಿತು, ಜೊತೆಗೆ ಟಿವಿಯನ್ನೂ ಕರೆದುಕೊಂಡು.

ಅಲ್ಲಿಗೆ ಫೈಬರ್ ಹಾಕಿಸಿ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟರೆ ಒಂದು ಕಡೆ ಲ್ಯಾನ್ ಬೆಳಕಾಗುತ್ತದೆ, ಇನ್ನೊಂದು ಕಡೆ ಬೆಳಕು ಲ್ಯಾನ್ ಆಗುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ಫೈಬರ್‌ನಲ್ಲಿ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೇ ಕಟ್ಟಿ ಕತ್ತರಿಸಿ, ಮನೆಯೊಳಗೆ ತರಬೇಡಿ. ತುದಿ ಜೋಡಿಸುವ ಕೆಲಸ ಕೇಬಲ್ ಹುಡುಗರದ್ದು, ಅವರ ಹತ್ತಿರ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ.

ಇನ್ನೂರು ಮುನ್ನೂರು ಮೀಟರ್ ಆಚೆಗೆ ಒಂದಕ್ಕೊಂದು ಮುಖ ಮಾಡಿ ಕೂರಿಸುವ 5 ಗಿಗಾಹರ್ಟ್ಸ್ ಹೊರಾಂಗಣ ಜೋಡಿಗಳೂ ಇವೆ. ನಡುವೆ ಒಂದು ಮರವೂ ಅಡ್ಡ ಇರಬಾರದು. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ್ದು ಜುಲೈನಲ್ಲಿ ಒದ್ದೆ ಅಡಿಕೆ ಸೋಗೆ ಅಡ್ಡ ಬಂದು ನಿಂತುಹೋದದ್ದನ್ನು ನೋಡಿದ್ದೇನೆ.

ಕರೆಂಟ್ ಹೋದಾಗ

ಮುಖ್ಯ ರೂಟರ್ ಇನ್ವರ್ಟರ್ ಮೇಲಿದ್ದು ಹಿಂದಿನ ಪೆಟ್ಟಿಗೆ ಮಾಮೂಲಿ ಪ್ಲಗ್ಗಿನಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಮತ್ತೆ ಹೊಸ್ತಿಲಿಗೇ ಬರಬೇಕು. ಎರಡಕ್ಕೂ ರೂಟರ್ ಯುಪಿಎಸ್ ಅಂತ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆ ಹಾಕಿ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು, 12 ಅಂದರೆ 12. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. 9 ವೋಲ್ಟಿನ ಹಳೇ ರೂಟರ್‌ಗೆ 12ರ ತುದಿ ಸಲೀಸಾಗಿ ಕೂರುತ್ತದೆ, ಆಮೇಲೆ ಹೊಗೆ ಬರುತ್ತದೆ.

ಕೊನೆಯ ಹೆಜ್ಜೆ: ಮತ್ತೆ ಅಳೆದು, ಬರೆದಿಡಿ

ಅದೇ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು, ಅದೇ ಜಾಗಗಳಲ್ಲಿ ನಿಂತು ಹೊಸ ಅಂಕಿ ಬರೆಯಿರಿ. ನಮ್ಮ ಹಿಂದಿನ ಕೋಣೆ ಈಗ ಮೈನಸ್ 41. ಅದೇ ಹಾಳೆಯಲ್ಲಿ ಎರಡೂ ರೂಟರ್‌ಗಳ ವಿಳಾಸ, ಲಾಗಿನ್ ಪಾಸ್‌ವರ್ಡ್, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ತೂತಿನಲ್ಲಿ ಅಂತ ಬರೆದು ಮನೆಯವರಿಗೆ ಕೈಗೆ ಸಿಗುವ ಕಡೆ ಇಡಿ. ನೀವು ಊರಲ್ಲಿ ಇಲ್ಲದ ದಿನವೇ ಅದು ಕೈಕೊಡುವುದು. ನಮ್ಮನೆಯಲ್ಲಿ ಅದನ್ನು ಪಾತ್ರೆಯ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಅಮ್ಮ ಅದರ ಕೆಳಗೆ ಉಳಿದ ಜಾಗದಲ್ಲಿ ಹಾಲಿನ ಲೆಕ್ಕ ಬರೆಯಲು ಶುರು ಮಾಡಿದ್ದಾಳೆ.